ಬಾಲಿಯ ಮೆಟ್ಟಿಲು ಗದ್ದೆಗೆ ಅರ್ಧ ಗಂಟೆ ಸಾಲದು

ಪ್ರಶ್ನೆ: ಬೇಸಿಗೆ ರಜೆಯಲ್ಲಿ, ಮೇ ಮೊದಲ ವಾರ, ನಾವು ನಾಲ್ವರು ಆರು ದಿನಕ್ಕೆ ಬಾಲಿಗೆ ಹೊರಟಿದ್ದೇವೆ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು ಮತ್ತು ಎಪ್ಪತ್ತೊಂದು ವರ್ಷದ ಮಾವ. ಮಾವನವರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಲವತ್ತು ವರ್ಷ ಭತ್ತ ಬೆಳೆದವರು. ಈಗ ಮೊಣಕಾಲು ನೋವು, ಹೆಚ್ಚು ಮೆಟ್ಟಿಲು ಹತ್ತಲಾರರು. ಪ್ರವಾಸ ಏರ್ಪಡಿಸಿದವರು ಕೊಟ್ಟ ಪಟ್ಟಿಯಲ್ಲಿ ‘ತೆಗಲ್ಲಾಲಂಗ್ ಮೆಟ್ಟಿಲು ಗದ್ದೆ, ಅರ್ಧ ಗಂಟೆ’ ಎಂದಿದೆ. ಅಷ್ಟು ಸಾಕೇ? ಜತಿಲುವಿಹ್ ಎಂಬಲ್ಲಿಗೂ ಹೋಗಬೇಕೇ? ಆ ಹೊತ್ತಿಗೆ ಗದ್ದೆ ಹಸಿರಾಗಿರುತ್ತದೆಯೇ? ನಾವು ಸಸ್ಯಾಹಾರಿಗಳು, ಊಟಕ್ಕೆ ತೊಂದರೆಯೇ? ಇವೆಲ್ಲದರ ನಡುವೆ ಮಾವನವರದು ಒಂದೇ ಮಾತು: “ಗದ್ದೆ ನೋಡಲು ಸಮುದ್ರ ದಾಟಬೇಕೇ?”

ಉತ್ತರ: ನಿಮ್ಮ ಮಾವನವರ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಉಳಿದದ್ದು ಅದರ ಹಿಂದೆಯೇ ಬರುತ್ತದೆ. ಬರೀ ಗದ್ದೆ ನೋಡುವುದಕ್ಕಾದರೆ ಸಮುದ್ರ ದಾಟಬೇಕಾಗಿಲ್ಲ, ಸಾಗರದಿಂದ ಹೊಸನಗರದ ದಾರಿ ಹಿಡಿದರೆ ಸಾಕು. ಒಂದೇ ಹಳ್ಳದ ನೀರನ್ನು ನೂರಾರು ಮನೆಗಳು ತಲೆತಲಾಂತರದಿಂದ ಹೇಗೆ ಹಂಚಿಕೊಂಡು ಉಂಡಿವೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಬಾಲಿಗೆ ಹೋಗಬೇಕು. ಭತ್ತದ ನೀರಾವರಿ ನನ್ನ ಕಸುಬು. ಅದರ ಸಲುವಾಗಿ ನಾಲ್ಕು ಸಲ ಆ ದ್ವೀಪಕ್ಕೆ ಹೋಗಿ ಬಂದಿದ್ದೇನೆ. ಬಸ್ಸಿನಿಂದ ಇಳಿದು, ಹಸಿರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಕಾಲ ಬುಡದಲ್ಲೇ ಹರಿಯುವ ಕಾಲುವೆಯನ್ನು ನೋಡದೆ ದಾಟಿ ಮರಳಿ ಬಸ್ ಹತ್ತುವವರನ್ನು ಪ್ರತಿ ಸಲವೂ ಕಂಡಿದ್ದೇನೆ, ಪ್ರತಿ ಸಲವೂ ಸಂಕಟಪಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ನಲವತ್ತು ವರ್ಷ ಗದ್ದೆಗೆ ನೀರು ಕಟ್ಟಿದ ಹಿರಿಯರಿದ್ದಾರೆ. ಅವರನ್ನು ಮುಂದಿಟ್ಟುಕೊಂಡು ಈ ಪ್ರವಾಸ ಮಾಡಿ. ಹಸಿರು ಎಲ್ಲರ ಕಣ್ಣಿಗೂ ಬೀಳುತ್ತದೆ, ನೀರಿನ ದಾರಿ ಅವರ ಕಣ್ಣಿಗೆ ಬೀಳುತ್ತದೆ.

ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಅರ್ಧ ಗಂಟೆ ಸಾಲದು. ಜತಿಲುವಿಹ್‌ಗೆ ಹೋಗಿ, ಒಂದು ಇಡೀ ದಿನವನ್ನು ಅದಕ್ಕೇ ಮೀಸಲಿಡಿ. ಅದಕ್ಕಾಗಿ ಪಟ್ಟಿಯಲ್ಲಿರುವ ಬೇರೆ ಏನನ್ನಾದರೂ ಬಿಡಬೇಕಾಗಿ ಬಂದರೆ ಬಿಡಿ.

ತೆಗಲ್ಲಾಲಂಗ್ ಬಗ್ಗೆ ಮೊದಲು ಹೇಳಿ ಮುಗಿಸುತ್ತೇನೆ. ಉಬುದ್ ಪಟ್ಟಣದಿಂದ ಉತ್ತರಕ್ಕೆ ಹತ್ತು ಕಿಲೋಮೀಟರಿನೊಳಗೆ ಇರುವ ಕಡಿದಾದ ಕಣಿವೆ ಅದು. ರಸ್ತೆಯ ಅಂಚಿನಲ್ಲಿ ನಿಂತರೆ ಎದುರಿನ ಇಳಿಜಾರಿನಲ್ಲಿ ಮಡಿ ಮಡಿಯಾಗಿ ಗದ್ದೆ, ನಡುನಡುವೆ ತೆಂಗಿನ ಮರ. ನೋಟ ಚೆಂದವೇ, ಸುಳ್ಳಲ್ಲ. ಆದರೆ ಒಳಗೆ ಇಳಿಯುವುದೆಂದರೆ ಕಡಿದಾದ ಮಣ್ಣಿನ ಮೆಟ್ಟಿಲು, ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಮಾವನವರಿಗೆ ಅದು ಬೇಡ. ಕಣಿವೆಯ ತುಂಬ ಉಯ್ಯಾಲೆಗಳು, ಫೋಟೊಗಾಗಿ ಹೆಣೆದಿಟ್ಟ ಹಕ್ಕಿಗೂಡಿನಂಥ ಆಸನಗಳು, ಕಾಫಿ ಅಂಗಡಿಗಳು. ಬದುವಿನ ಮೇಲೆ ಅಲ್ಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತವರು ದಾಟುವುದಕ್ಕೆ ಕಾಣಿಕೆ ಕೇಳುತ್ತಾರೆ. ಎಷ್ಟೋ ಪ್ರವಾಸಿಗರು ಇದಕ್ಕೆ ಸಿಡಿಮಿಡಿಗೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನೋಟ ಮಾರಾಟವಾಗುತ್ತದೆ, ದುಡ್ಡು ರಸ್ತೆಬದಿಯ ಅಂಗಡಿಗೆ ಹೋಗುತ್ತದೆ, ಗದ್ದೆ ಊಳುವವನ ಕೈಗೆ ಏನೂ ಬರುವುದಿಲ್ಲ ಎಂದು ನೊಂದ ರೈತರು ಹಿಂದೊಮ್ಮೆ ಇದೇ ಕಣಿವೆಯ ಗದ್ದೆಗಳಲ್ಲಿ ತಗಡಿನ ಹಾಳೆಗಳನ್ನು ನಿಲ್ಲಿಸಿ ನೋಟವನ್ನೇ ಕೆಡಿಸಿ ಪ್ರತಿಭಟಿಸಿದ್ದರು. ಬಿಸಿಲಿಗೆ ಕಣ್ಣು ಕುಕ್ಕುವ ತಗಡು, ಅದರ ಹಿಂದೆ ಹಸಿರು ಭತ್ತ: ಆ ದೃಶ್ಯವನ್ನು ನೆನಪಿನಲ್ಲಿಟ್ಟುಕೊಂಡು ಜೇಬಿನಲ್ಲಿ ಸಣ್ಣ ನೋಟುಗಳನ್ನು ಇಟ್ಟುಕೊಳ್ಳಿ, ಕೇಳಿದಲ್ಲಿ ಕೊಡಿ. ಬೆಳಿಗ್ಗೆ ಏಳು ಗಂಟೆಯೊಳಗೆ ಅಲ್ಲಿರುವಂತೆ ನೋಡಿಕೊಳ್ಳಿ, ಒಂಬತ್ತರ ಮೇಲೆ ಬಸ್ಸುಗಳು ಬರುತ್ತವೆ. ರಸ್ತೆಯ ಮೇಲಿನಿಂದಲೇ ನೋಡಿ, ಒಂದು ಲೋಟ ಚಹಾ ಕುಡಿದು ಮುಂದೆ ಹೊರಡಿ. ಅಷ್ಟಕ್ಕೆ ಅದು ಯೋಗ್ಯವಾದ ಜಾಗ.

ಈಗ ಜತಿಲುವಿಹ್. ತಬಾನನ್ ಜಿಲ್ಲೆಯಲ್ಲಿ, ಬಾತುಕಾರು ಬೆಟ್ಟದ ಮಡಿಲಲ್ಲಿ, ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಉಬುದ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ. ತೆಗಲ್ಲಾಲಂಗ್ ಒಂದು ಸೀಳು ಕಣಿವೆಯಾದರೆ ಇದು ತೆರೆದ ಬೋಗುಣಿ. ಸುಮಾರು 300 ಹೆಕ್ಟೇರ್ ಗದ್ದೆ, ಅಂದರೆ ಏಳು ನೂರು ಎಕರೆಗೂ ಮಿಕ್ಕಿ, ಒಂದೇ ಹರವಿನಲ್ಲಿ ಇಳಿಯುತ್ತಾ ಹೋಗುತ್ತದೆ. ಇಳಿಜಾರು ಮೆತ್ತಗಿನದು. ಬಣ್ಣದ ಗುರುತು ಹಾಕಿದ ಹಲವು ಕಾಲುಹಾದಿಗಳಿವೆ, ಚಿಕ್ಕದು ಒಂದೂವರೆ ಕಿಲೋಮೀಟರ್ ಆಸುಪಾಸು, ಅದರ ಬಹುಭಾಗಕ್ಕೆ ಸಿಮೆಂಟ್ ಹಾಸಿದ್ದಾರೆ. ಊರುಗೋಲು ಹಿಡಿದು ನಿಧಾನವಾಗಿ ನಡೆಯುವವರಿಗೆ ಇದು ಸಾಧ್ಯ. ನಡೆಯಲಾಗದಿದ್ದರೆ ಹಿಂತಿರುಗುವುದಕ್ಕೂ ಅಡ್ಡಿಯಿಲ್ಲ. ಬೆಳಿಗ್ಗೆ ಎಂಟಕ್ಕೆ ತಲುಪಿ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದಿಂದ ಮೋಡ ಇಳಿಯುತ್ತದೆ, ಮಳೆಗಾಲವಲ್ಲದಿದ್ದರೂ ಒಂದು ಹನಿಯಾದರೂ ಬೀಳುತ್ತದೆ. ನಾಲ್ಕೂ ಜನಕ್ಕೆ ಕೊಡೆ ಇರಲಿ.

ಅಲ್ಲಿ ಬೆಳೆಯುವುದು ಮುಖ್ಯವಾಗಿ ಬಾಲಿಯ ಹಳೆಯ ಕೆಂಪಕ್ಕಿ ತಳಿ. ಎದೆಯೆತ್ತರಕ್ಕೆ ಬೆಳೆಯುವ, ಐದಾರು ತಿಂಗಳು ತೆಗೆದುಕೊಳ್ಳುವ ಭತ್ತ. ಸಾಮಾನ್ಯವಾಗಿ ಜನವರಿ ಹೊತ್ತಿಗೆ ನಾಟಿ, ಜೂನ್-ಜುಲೈ ಹೊತ್ತಿಗೆ ಕೊಯ್ಲು. ಆಮೇಲೆ ಎರಡನೆಯ ಬೆಳೆಗೆ ಗಿಡ್ಡ ತಳಿ ಹಾಕುತ್ತಾರೆ. ನೀವು ಹೋಗುವ ಮೇ ಮೊದಲ ವಾರಕ್ಕೆ ಪೈರು ಹೊಡೆ ಒಡೆದು ತೆನೆ ಹೊರಬಿದ್ದು, ಹಾಲುಗಾಳು ತುಂಬುತ್ತಿರುತ್ತದೆ. ಪೋಸ್ಟರಿನಲ್ಲಿ ಕಾಣುವ ಎಳೆಹಸಿರು ಆಗ ಇರುವುದಿಲ್ಲ. ತುಸು ಬೂದು ಬೆರೆತ, ಗಾಳಿಗೆ ಬಣ್ಣ ಬದಲಿಸುವ ಹಸಿರು ಇರುತ್ತದೆ. ಬೇಸಾಯ ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಮಾವನವರು ಒಂದು ತೆನೆಯನ್ನು ಬೆರಳಲ್ಲಿ ಹಿಸುಕಿ ಇನ್ನೆಷ್ಟು ದಿನಕ್ಕೆ ಕೊಯ್ಲು ಎಂದು ಹೇಳಬಲ್ಲರು. ಹೇಳಲಿ, ಮಗಳು ಕೇಳಿಸಿಕೊಳ್ಳಲಿ. ನಾಟಿ ಯಾವ ವಾರ ಎಂಬುದು ಆಯಾ ವರ್ಷ ಅಲ್ಲಿಯ ರೈತರ ಕೂಟ ತೀರ್ಮಾನಿಸುವ ಸಂಗತಿ, ಆದ್ದರಿಂದ ಹದಿನೈದು ದಿನ ಹಿಂದೆ ಮುಂದೆ ಆಗುವುದುಂಟು. ಹೊರಡುವ ಮೊದಲು ಕಾರಿನ ಚಾಲಕರನ್ನೋ ವಸತಿಗೃಹದವರನ್ನೋ ಕೇಳಿ, ಈ ವಾರ ತೆಗೆದ ಫೋಟೊ ಒಂದನ್ನು ತರಿಸಿಕೊಳ್ಳಿ. ಸಂತೋಷದಿಂದ ಕಳಿಸುತ್ತಾರೆ.

ಆ ರೈತರ ಕೂಟಕ್ಕೇ ಸುಬಕ್ ಎಂದು ಹೆಸರು. ಬಾಲಿಯಲ್ಲಿ ಇಂಥವು ಸುಮಾರು 1,200 ಇವೆ. ಒಂದು ನೀರಿನ ಮೂಲವನ್ನು ನಂಬಿದ ಐವತ್ತರಿಂದ ನಾನೂರು ರೈತರು ಒಟ್ಟಾಗಿ ನಡೆಸುವ ಸಂಸ್ಥೆ. ಹನ್ನೊಂದನೆಯ ಶತಮಾನದ ಶಾಸನಗಳಲ್ಲೇ ಈ ಹೆಸರಿನ ಹಳೆಯ ರೂಪ ಬರುತ್ತದೆ. ನಮ್ಮಲ್ಲಿ ಚಾಲುಕ್ಯರು ಕೆರೆ ಕಟ್ಟೆಗಳಿಗೆ ದತ್ತಿ ಬಿಡುತ್ತಿದ್ದ ಕಾಲ ಅದು. ಸುಬಕ್‌ನ ಮುಖ್ಯಸ್ಥನನ್ನು ಪೆಕಸೆ ಎನ್ನುತ್ತಾರೆ, ರೈತರೇ ಆರಿಸುತ್ತಾರೆ. ಹಳೆ ಮೈಸೂರಿನ ಕೆರೆಗಳ ಕೆಳಗೆ ತೂಬು ಎತ್ತಿ ಸರದಿಯ ಪ್ರಕಾರ ನೀರು ಬಿಡುತ್ತಿದ್ದ ನೀರುಗಂಟಿಯನ್ನು ನೆನಪಿಸಿಕೊಂಡರೆ ಪೆಕಸೆಯ ಕೆಲಸದ ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಪೂಜೆಯದು, ಪಂಚಾಯಿತಿಯದು. ಯಾವಾಗ ಹದ ಮಾಡಬೇಕು, ಯಾವಾಗ ನಾಟಿ, ಯಾರ ಕಾಲುವೆ ಯಾರು ಕೆತ್ತಬೇಕು, ತಪ್ಪಿದವರಿಗೆ ದಂಡವೆಷ್ಟು ಎಂಬುದಕ್ಕೆಲ್ಲ ಅವರದೇ ಬರೆದಿಟ್ಟ ಕಟ್ಟಳೆ ಇದೆ, ಅದಕ್ಕೆ ಆವಿಗ್-ಆವಿಗ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರೀ ಗದ್ದೆಯ ಚೆಲುವನ್ನಲ್ಲ, ಈ ವ್ಯವಸ್ಥೆಯನ್ನು. ಜತಿಲುವಿಹ್ ಆ ಪಟ್ಟಿಯ ಒಳಗಿದೆ, ತೆಗಲ್ಲಾಲಂಗ್ ಇಲ್ಲ.

ಜತಿಲುವಿಹ್‌ನಲ್ಲಿ ನೀವು ಹುಡುಕಿ ನೋಡಲೇಬೇಕಾದ ಒಂದು ವಸ್ತು ಇದೆ. ಅದರ ಮುಂದೆ ಯಾವ ನಾಮಫಲಕವೂ ಇರುವುದಿಲ್ಲ. ಕಾಲುವೆಗೆ ಅಡ್ಡಲಾಗಿ ಇಟ್ಟ ಒಂದು ಮರದ ದಿಮ್ಮಿ, ಈಗೀಗ ಕೆಲವು ಕಡೆ ಸಿಮೆಂಟಿನದು. ಅದರ ಮೇಲೆ ಅಗಲ ಬೇರೆ ಬೇರೆಯಾದ ಕಚ್ಚುಗಳು. ಇದನ್ನು ತೆಮುಕು ಎನ್ನುತ್ತಾರೆ. ಎರಡು ಪಾಲಿನವನಿಗೆ ಎರಡು ಅಳತೆಯ ಕಚ್ಚು, ಒಂದು ಪಾಲಿನವನಿಗೆ ಒಂದು ಅಳತೆಯದು. ಮೇಲಿನಿಂದ ನೀರು ಜೋರಾಗಿ ಬರಲಿ, ಸಣ್ಣಗೆ ಬರಲಿ, ಪಾಲು ಮಾತ್ರ ಅದೇ ಲೆಕ್ಕದಲ್ಲಿ ಒಡೆದು ಹೋಗುತ್ತದೆ. ಬೀಗವಿಲ್ಲ, ಕೈಯಲ್ಲಿ ಎತ್ತುವ ಬಾಗಿಲಿಲ್ಲ, ಕಾವಲುಗಾರನಿಲ್ಲ. ಮಳೆ ಕಡಿಮೆಯಾದ ವರ್ಷ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿಮೆ. ನಾನು ಮೊದಲ ಸಲ ಹೋದಾಗ ಒಂದು ತೆಮುಕುವಿನ ಪಕ್ಕ ಕುಳಿತು ಅದರ ಅಳತೆ ಬರೆದುಕೊಳ್ಳುತ್ತಿದ್ದೆ. ಹೆಗಲ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕರೊಬ್ಬರು ಬಂದರು. ಕಿರಿದಾದ ಕಚ್ಚಿಗೆ ಒಂದು ಒಣಗಿದ ಎಲೆ ಅಡ್ಡ ಸಿಕ್ಕಿಕೊಂಡಿತ್ತು. ಹೊರೆ ಇಳಿಸದೆಯೇ ಬಗ್ಗಿ, ಎರಡು ಬೆರಳಲ್ಲಿ ಆ ಎಲೆ ಎತ್ತಿ ಬದುವಿನ ಮೇಲಿಟ್ಟು ಹೋದರು. ಆ ಕಚ್ಚಿನಿಂದ ನೀರು ಹೋಗುವ ಗದ್ದೆ ಅವರದೇ ಎಂದು ನಾನು ತಿಳಿದೆ. ಆಮೇಲೆ ವಿಚಾರಿಸಿದರೆ ಅವರ ಗದ್ದೆ ಇನ್ನೊಂದು ಕಚ್ಚಿನ ಕೆಳಗೆ. ಎಲೆ ಅಲ್ಲೇ ಇದ್ದಿದ್ದರೆ ಅವರಿಗೇ ಒಂದಿಷ್ಟು ನೀರು ಹೆಚ್ಚು ಬರುತ್ತಿತ್ತು.

ಬೇಸಿಗೆ ಬೆಳೆಗೆ ನೀರು ಕಟ್ಟುವಾಗ ಅಣ್ಣತಮ್ಮಂದಿರ ನಡುವೆ ಗುದ್ದಲಿ ಎತ್ತಿದ್ದನ್ನು ನಮ್ಮ ಕಡೆಯ ಯಾವ ರೈತರು ನೋಡಿಲ್ಲ? ಮಾವನವರಿಗೆ ಈ ದಿಮ್ಮಿಯನ್ನು ತೋರಿಸಿ, ಅದರ ಪಕ್ಕ ಹತ್ತು ನಿಮಿಷ ಅವರನ್ನು ಕೂರಿಸಿ. ಸಮುದ್ರ ಯಾಕೆ ದಾಟಬೇಕಿತ್ತು ಎಂಬುದಕ್ಕೆ ಅವರಿಗೇ ಉತ್ತರ ಸಿಗುತ್ತದೆ.

ಮೇಲಿನ ಗದ್ದೆಯವನು ಕೆಳಗಿನವನಿಗೆ ಯಾಕೆ ನೀರು ಬಿಡುತ್ತಾನೆ ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಧರ್ಮಬುದ್ಧಿ ಇದೆ, ದೇವರ ಭಯವಿದೆ, ನಿಜ. ಅದರ ಜೊತೆಗೆ ಹುಳುವಿನ ಲೆಕ್ಕವೂ ಇದೆ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಹಲವು ವರ್ಷ ಬಾಲಿಯಲ್ಲಿ ಕೂತು ಇದನ್ನು ಬಿಡಿಸಿದರು. ಒಂದು ಹರವಿನ ಗದ್ದೆಗಳೆಲ್ಲ ಒಟ್ಟಿಗೆ ಕೊಯ್ಲಾಗಿ ಒಟ್ಟಿಗೆ ಖಾಲಿ ಬಿದ್ದರೆ ಜಿಗಿಹುಳುವಿಗೂ ಇಲಿಗೂ ತಿನ್ನಲು ಏನೂ ಉಳಿಯುವುದಿಲ್ಲ, ಸಂತತಿ ಕುಸಿಯುತ್ತದೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನಾಟಿ ಮಾಡಿದರೆ ಹುಳು ಒಂದು ಗದ್ದೆ ಮುಗಿಸಿ ಇನ್ನೊಂದಕ್ಕೆ ಹಾರುತ್ತದೆ. ಆದ್ದರಿಂದ ಮೇಲಿನವನಿಗೂ ಕೆಳಗಿನವನ ಜೊತೆ ಒಟ್ಟಿಗೆ ನಾಟಿ ಮಾಡುವುದು ಬೇಕು. ಒಟ್ಟಿಗೆ ನಾಟಿಯಾಗಬೇಕೆಂದರೆ ಕೆಳಗಿನವನಿಗೆ ಹೊತ್ತಿಗೆ ಸರಿಯಾಗಿ ನೀರು ಮುಟ್ಟಬೇಕು. ಹಾಗೆಂದು ಇಡೀ ಹೊಳೆಯ ಉದ್ದಕ್ಕೂ ಒಂದೇ ದಿನ ನಾಟಿಗೆ ಇಳಿದರೆ ಹೊಳೆಯ ನೀರು ಸಾಲದು. ಎಷ್ಟು ಗದ್ದೆ ಒಟ್ಟಿಗೆ, ಎಷ್ಟು ಗದ್ದೆ ಸರದಿಯಲ್ಲಿ ಎಂಬ ಈ ಹದವನ್ನು ಸುಬಕ್‌ಗಳು ನೀರಿನ ದೇವಸ್ಥಾನಗಳಲ್ಲಿ ಸೇರಿ ಗೊತ್ತುಮಾಡಿಕೊಳ್ಳುತ್ತಿದ್ದವು. ಕಾಲುವೆಯ ತಲೆಯಲ್ಲೊಂದು ಗುಡಿ, ಹೊಳೆಯ ಕಟ್ಟದಲ್ಲೊಂದು, ಎಲ್ಲಕ್ಕೂ ಮೇಲೆ ಬಾತುರ್ ಕೆರೆಯ ಒಡತಿ ದೇವಿ ದಾನುವಿನ ದೇವಸ್ಥಾನ.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಾಲಿಗೂ ಬಂತು. ಬೇಗ ಮಾಗುವ ತಳಿ, ಗೊಬ್ಬರ, ಕೀಟನಾಶಕ, ಬಿಡುವಿಲ್ಲದೆ ಬೆಳೆ ತೆಗೆಯಿರಿ ಎಂಬ ಸರ್ಕಾರದ ಒತ್ತಾಯ. ದೇವಸ್ಥಾನದ ಸರದಿಯನ್ನು ಮೂಢನಂಬಿಕೆಯೆಂದು ಬದಿಗೆ ಸರಿಸಿದರು. ಮೊದಲ ಕೆಲವು ಬೆಳೆ ಚೆನ್ನಾಗಿ ಬಂದವು. ಆಮೇಲೆ ನೀರಿನ ಜಗಳ, ಕಂದು ಜಿಗಿಹುಳು, ಅದರ ಹಿಂದೆ ರೋಗ. ಔಷಧ ಹೊಡೆದಷ್ಟೂ ಹುಳು ಹೆಚ್ಚಿತು. ಹಲವು ಕಡೆ ರೈತರು ತಾವಾಗಿಯೇ ಹಳೆಯ ಸರದಿಗೆ ಮರಳಿದರು. ಲ್ಯಾನ್ಸಿಂಗ್ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ಕ್ರೀಮರ್ ಎರಡು ಹೊಳೆಗಳ ಗದ್ದೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಲೆಕ್ಕ ಮಾಡಿದಾಗ, ಒಟ್ಟು ಇಳುವರಿ ಹೆಚ್ಚು ಬಂದದ್ದು ದೇವಸ್ಥಾನಗಳ ಸರದಿಗೆ ಹತ್ತಿರವಾದ ಏರ್ಪಾಟಿನಲ್ಲೇ. ಭತ್ತದ ವಿಜ್ಞಾನ ಓದಿ ಹೊರಬಿದ್ದ ನನ್ನಂಥವರು ಇದನ್ನು ತಲೆ ತಗ್ಗಿಸಿ ಓದಬೇಕು. ಓದಿನಲ್ಲಿ ನಮಗೆ ಹೇಳಿಕೊಟ್ಟದ್ದು ಒಂದು ಗದ್ದೆಯ ಲೆಕ್ಕ, ಬಾಲಿಯವರು ಇಟ್ಟುಕೊಂಡದ್ದು ಇಡೀ ಹೊಳೆಯ ಲೆಕ್ಕ.

ಗದ್ದೆಯ ಮೂಲೆಮೂಲೆಗೂ ಕಲ್ಲಿನದೋ ಬಿದಿರಿನದೋ ಪುಟ್ಟ ಗುಡಿ ಕಾಣುತ್ತದೆ. ಅದು ದೇವಿ ಶ್ರೀಯದು. ನಮ್ಮ ಶ್ರೀದೇವಿಯೇ ಅಲ್ಲಿ ಭತ್ತದ ತಾಯಿ. ಭತ್ತ ಹೊಡೆಯಾದಾಗ, ಅಂದರೆ ಪೈರು ಬಸುರಿಯಾದಾಗ, ಬಿಯುಕುಕುಂಗ್ ಎಂಬ ಪೂಜೆ ಮಾಡಿ ಗದ್ದೆಗೆ ಎಡೆ ಕೊಡುತ್ತಾರೆ. ಇದನ್ನು ಮಾವನವರಿಗೆ ವಿವರಿಸುವ ಅಗತ್ಯವೇ ಇಲ್ಲ. ಭೂಮಿ ಹುಣ್ಣಿಮೆಯ ದಿನ ನಸುಕಿನಲ್ಲಿ ಭೂಮಣ್ಣಿ ಬುಟ್ಟಿ ಹೊತ್ತು ಹೋಗಿ, ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸಿದ ಊರಿನವರು ಅವರು. ಹಳೆ ತಳಿಯನ್ನು ಕೊಯ್ಯುವುದಕ್ಕೆ ಅಲ್ಲಿ ಆನಿ-ಆನಿ ಎಂಬ ಪುಟ್ಟ ಕತ್ತಿ ಬಳಸುತ್ತಿದ್ದರು, ಈಗಲೂ ಕೆಲವರು ಬಳಸುತ್ತಾರೆ. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಒಂದೊಂದೇ ತೆನೆಯನ್ನು ಬೆರಳ ನಡುವೆ ಹಿಡಿದು ಕೊಯ್ಯಬೇಕು. ಕತ್ತಿಯ ಅಲಗು ಕಂಡು ದೇವಿ ಬೆಚ್ಚದಿರಲಿ ಎಂಬುದು ಅದರ ಹಿಂದಿನ ಭಾವ. ತಬಾನನ್ ಪಟ್ಟಣದ ಹತ್ತಿರ, ಸಂಗುಲಾನ್‌ನಲ್ಲಿ, 1981ರಲ್ಲಿ ತೆರೆದ ಸುಬಕ್ ವಸ್ತುಸಂಗ್ರಹಾಲಯವಿದೆ. ಚಿಕ್ಕದು, ಪ್ರವಾಸಿಗರು ಕಡಿಮೆ. ನೇಗಿಲು, ನೊಗ, ಹಲುಬೆಗಳೆಲ್ಲ ಅಲ್ಲಿವೆ. ಜತಿಲುವಿಹ್‌ಗೆ ಹೋದ ದಿನವೇ ಹಿಂತಿರುಗುವಾಗ ಒಂದು ಗಂಟೆ ಅದಕ್ಕೆ ಕೊಡಿ. ಅದೇ ದಿನ ಬೆರಾತಾನ್ ಕೆರೆಯ ದೇವಸ್ಥಾನವನ್ನೂ ಸೇರಿಸೋಣ ಎಂದು ಚಾಲಕರು ಹೇಳುತ್ತಾರೆ. ನೀರಿನ ಮಧ್ಯೆ ನಿಂತ ಆ ಗೋಪುರ ನಿಜಕ್ಕೂ ಸುಂದರ. ಆದರೆ ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ಹಿರಿಯರು ಬಳಲುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿ. ನಿಮ್ಮ ಮನೆಗೆ ವಸ್ತುಸಂಗ್ರಹಾಲಯವೇ ಸರಿ ಎಂದು ನನ್ನ ಅಭಿಪ್ರಾಯ.

ತೆಗಲ್ಲಾಲಂಗ್ ನೋಡಿದ ಬೆಳಿಗ್ಗೆಯೇ ಅಲ್ಲಿಂದ ಮುಂದೆ ತಂಪಕ್‌ಸಿರಿಂಗ್‌ಗೆ ಹೋಗಿ. ಅಲ್ಲಿ ತೀರ್ಥ ಎಂಪುಲ್ ಎಂಬ ಬುಗ್ಗೆಯ ದೇವಸ್ಥಾನವಿದೆ, ಕ್ರಿ.ಶ. 962ರ ಶಾಸನದಷ್ಟು ಹಳೆಯದು. ಜನ ಸಾಲಾಗಿ ನಿಂತು ನೀರಿನ ಧಾರೆಗಳಿಗೆ ತಲೆಯೊಡ್ಡುವ ಕೊಳವನ್ನು ಎಲ್ಲರೂ ನೋಡುತ್ತಾರೆ. ಅದರ ಹಿಂದಿನ ಅಂಗಳದಲ್ಲಿ ಬುಗ್ಗೆಯ ಕೊಳ ಇದೆ, ಅದನ್ನು ಬಿಡಬೇಡಿ. ತಿಳಿನೀರಿನ ತಳದಲ್ಲಿ ಕಪ್ಪು ಮರಳು ಗುಳುಗುಳು ಕುದಿಯುವ ಹಾಗೆ ಏಳುತ್ತಿರುತ್ತದೆ. ಮಗಳು ಅಲ್ಲಿಂದ ಕದಲುವುದಿಲ್ಲ ಎಂದು ನನಗೆ ಧೈರ್ಯವಿದೆ. ಇದೇ ನೀರು ದೇವಸ್ಥಾನ ದಾಟಿ ಪುಲಗಾನ್ ಎಂಬ ಸುಬಕ್‌ನ ಗದ್ದೆಗಳಿಗೆ ಹೋಗುತ್ತದೆ. ಬುಗ್ಗೆ, ದೇವರು, ಕಾಲುವೆ, ಗದ್ದೆ ಎಲ್ಲವೂ ಕಣ್ಣಳತೆಯ ದೂರದಲ್ಲಿ, ನೆಲವೂ ಹೆಚ್ಚುಕಡಿಮೆ ಸಮ. ಪಕ್ಕದಲ್ಲೇ ಬಂಡೆಯಲ್ಲಿ ಕೊರೆದ ಗುನುಂಗ್ ಕಾವಿ ಗುಡಿಗಳಿವೆ, ಹನ್ನೊಂದನೆಯ ಶತಮಾನದವು. ಅಲ್ಲಿಗೆ ಇನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು. ನೀವು ಮೂವರು ಹೋಗಿ ಬನ್ನಿ, ಮಾವನವರು ಮೇಲೆ ಎಳನೀರು ಕುಡಿಯುತ್ತ ಕೂರಲಿ.

ಆರು ದಿನದಲ್ಲಿ ಒಂದು ರಾತ್ರಿಯನ್ನಾದರೂ ಸಿಡೆಮೆನ್‌ನಲ್ಲಿ ಕಳೆಯಿರಿ. ಬಾಲಿಯ ಪೂರ್ವಕ್ಕೆ, ಅಗುಂಗ್ ಪರ್ವತದ ಕೆಳಗಿನ ಕಣಿವೆ. ಗದ್ದೆಯ ಅಂಚಿಗೇ ಇರುವ ಸಣ್ಣ ವಸತಿಗೃಹಗಳು, ನೆಲಮಹಡಿಯ ಕೋಣೆ ಬೇಕೆಂದು ಮೊದಲೇ ಹೇಳಿ. ನಡೆಯದೆ, ಹತ್ತದೆ, ಜಗಲಿಯಲ್ಲಿ ಕೂತೇ ಮುಂಜಾನೆಯ ಗದ್ದೆಯನ್ನು ನೋಡಬಹುದಾದ ಜಾಗ ಅದು. ಬೆಳಿಗ್ಗೆ ಆರರಿಂದ ಏಳರವರೆಗೆ ಮೋಡ ಸರಿದಿದ್ದರೆ ಪರ್ವತದ ತುದಿ ಪೂರ್ತಿ ಕಾಣುತ್ತದೆ. ಊರಲ್ಲಿ ಕೈಮಗ್ಗದ ಸೊಂಗ್ಕೆಟ್ ಜರಿ ಬಟ್ಟೆ ನೇಯುತ್ತಾರೆ, ಮಗ್ಗದ ಮುಂದೆ ನಿಂತು ನೋಡಲು ಬಿಡುತ್ತಾರೆ.

ಮೇ ತಿಂಗಳು ಒಣ ಹವೆಯ ಆರಂಭ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ. ನೀವು ಆರಿಸಿದ ಹೊತ್ತು ಒಳ್ಳೆಯದೇ. ಮುಂದೆ ಯಾರಾದರೂ ಮಾರ್ಚಿನಲ್ಲಿ ಹೊರಟರೆ ಒಂದು ಮಾತು ಹೇಳಿ. ಬಾಲಿಯವರದೂ ಶಕ ವರ್ಷ. ಅವರ ಹೊಸ ವರ್ಷ, ನ್ಯೆಪಿ, ಕೆಲವು ಸಲ ನಮ್ಮ ಯುಗಾದಿಯ ಆಸುಪಾಸಿಗೇ ಬೀಳುತ್ತದೆ. ಅಂದು ಇಡೀ ದ್ವೀಪ ಮೌನ. ದೀಪವಿಲ್ಲ, ವಾಹನವಿಲ್ಲ, ವಿಮಾನ ನಿಲ್ದಾಣವೂ ಇಪ್ಪತ್ತನಾಲ್ಕು ಗಂಟೆ ಮುಚ್ಚಿರುತ್ತದೆ.

ಊಟದ ವಿಷಯ. ತೊಂದರೆ ಇಲ್ಲ, ಎಚ್ಚರ ಬೇಕು. ತರಕಾರಿ ಎಂದು ಕೊಟ್ಟದ್ದರಲ್ಲೂ ತೆರಾಸಿ ಎಂಬ ಸಿಗಡಿಯ ಹಿಂಡಿ ಸೇರಿರುತ್ತದೆ, ವಿಶೇಷವಾಗಿ ಸಂಬಾಲ್ ಚಟ್ನಿಯಲ್ಲಿ. ಗಾಡೊ-ಗಾಡೊ ಎಂದರೆ ಬೇಯಿಸಿದ ತರಕಾರಿಗೆ ಕಡಲೆಕಾಯಿಯ ಗೊಜ್ಜು. ಅದರ ಮೇಲೂ ಮೊಟ್ಟೆ, ಸಿಗಡಿ ಹಪ್ಪಳ ಇಟ್ಟು ತರುತ್ತಾರೆ. ‘ತಾನ್ಪಾ ದಾಗಿಂಗ್, ತಾನ್ಪಾ ಇಕಾನ್, ತಾನ್ಪಾ ತೆಲುರ್, ತಾನ್ಪಾ ತೆರಾಸಿ’ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಸಿಗಡಿ ಹಿಂಡಿ ಬೇಡ. ಸೋಯಾದ ತೆಂಪೆ, ತಾಹು ಎಲ್ಲೆಡೆ ಸಿಗುತ್ತವೆ. ಕರಿ ಅಕ್ಕಿಯನ್ನು ತೆಂಗಿನ ಹಾಲು, ತಾಳೆಬೆಲ್ಲದಲ್ಲಿ ಬೇಯಿಸಿದ ಬುಬುರ್ ಇಂಜಿನ್ ಎಂಬುದು ನಮ್ಮ ಪಾಯಸದ ನಂಟ. ಜತಿಲುವಿಹ್‌ನಲ್ಲಿ ಹುರಿದ ಕೆಂಪಕ್ಕಿಯ ಕಷಾಯದಂಥ ಚಹಾ ಕೊಡುತ್ತಾರೆ, ಅದರ ಘಮವನ್ನು ಮರೆಯಲಾಗದು. ಊಟದ ಮಾತು ಬಂದಾಗ ಮಾವನವರಿಗೆ ಇದನ್ನೂ ಹೇಳಿ. ನಾವು ಭತ್ತ, ಅಕ್ಕಿ, ಅನ್ನ ಎಂದು ಬೇರೆ ಬೇರೆ ಕರೆಯುವ ಹಾಗೆ ಅವರೂ ಪೈರಿಗೆ ಪಾದಿ, ಒಕ್ಕಿದ ಕಾಳಿಗೆ ಗಾಬಾಹ್, ಅಕ್ಕಿಗೆ ಬೆರಾಸ್, ಅನ್ನಕ್ಕೆ ನಾಸಿ ಎನ್ನುತ್ತಾರೆ. ಈ ನಾಲ್ಕು ಪದ, ಕೈ ಜೋಡಿಸಿ ಒಂದು ‘ಓಂ ಸ್ವಸ್ತ್ಯಸ್ತು’, ಇಷ್ಟು ಇದ್ದರೆ ಅಲ್ಲಿಯ ರೈತರ ಜೊತೆ ಅರ್ಧ ಗಂಟೆ ಮಾತಾಡಬಹುದು. ನಾನು ಮಾಡಿ ನೋಡಿದ್ದೇನೆ.

ಕಾಗದಪತ್ರ ಬೇಗ ಮುಗಿಸುತ್ತೇನೆ. ಭಾರತೀಯರಿಗೆ ಇಳಿದ ಮೇಲೆ ಕೊಡುವ ವೀಸಾ ಇದೆ. 30 ದಿನಕ್ಕೆ ತಲಾ 5,00,000 ಇಂಡೊನೇಷ್ಯಾ ರೂಪಿಯಾ, ಮಗುವಿಗೂ ಬೇಕು, ಮೊದಲೇ ಆನ್‌ಲೈನ್‌ನಲ್ಲಿ ಪಡೆದರೆ ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ. 2024ರ ಫೆಬ್ರುವರಿಯಿಂದ ಬಾಲಿ ಪ್ರಾಂತ್ಯದ 1,50,000 ರೂಪಿಯಾ ಪ್ರವಾಸಿ ಶುಲ್ಕ ಬೇರೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಓಡಾಟಕ್ಕೆ ಚಾಲಕ ಸಮೇತ ಕಾರನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿ, ಪೆಟ್ರೋಲ್ ಸೇರಿ ಎಷ್ಟು, ಎಷ್ಟು ಗಂಟೆ ಎಂದು ಮೊದಲೇ ಮಾತಾಡಿ. ಬಾಡಿಗೆ ಸ್ಕೂಟರಿನ ಗೊಡವೆ ಬೇಡ.

ಗದ್ದೆಯಲ್ಲಿ ನಡೆಯುವಾಗ ಹೊಸದಾಗಿ ಕೆಸರು ಮೆತ್ತಿದ ಬದುವಿನ ಮೇಲೆ ಕಾಲಿಡದಂತೆ ಮಗಳಿಗೆ ಅಜ್ಜನೇ ಹೇಳಿಕೊಡುತ್ತಾರೆ. ನೆಲದ ಮೇಲೆ ಎಳೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅನ್ನ, ಊದುಬತ್ತಿ ಇಟ್ಟಿರುತ್ತಾರೆ, ತುಳಿಯಬೇಡಿ, ದಾಟಬೇಡಿ. ದೇವಸ್ಥಾನಕ್ಕೆ ಸೊಂಟದಿಂದ ಕೆಳಗೆ ಉಡುವ ಬಟ್ಟೆ ಮತ್ತು ನಡುಪಟ್ಟಿ ಕಡ್ಡಾಯ, ಬಾಗಿಲಲ್ಲೇ ಕೊಡುತ್ತಾರೆ. ಮಾವನವರು ಪಂಚೆ ಉಟ್ಟು ಹೋದರೆ ಅಲ್ಲಿಯವರು ಬಹಳ ಮೆಚ್ಚುತ್ತಾರೆ, ನಡುಪಟ್ಟಿಯೊಂದನ್ನು ಕಟ್ಟಿಕೊಂಡರೆ ಆಯಿತು.

ಕೊನೆಯದೊಂದು ಎಚ್ಚರ, ಇದು ನಿಮ್ಮ ಮನೆಗೇ ಮೀಸಲು. ಭತ್ತ ಬೆಳೆದ ಕೈ ಹೊಸ ತಳಿಯನ್ನು ಕಂಡರೆ ಸುಮ್ಮನಿರುವುದಿಲ್ಲ. ನಾಲ್ಕು ಕಾಳು ಜೇಬಿಗೆ ಹಾಕಿಕೊಂಡು ಹೋಗಿ ಊರಲ್ಲಿ ಅಗೆ ಹಾಕಿ ನೋಡೋಣ ಎನ್ನಿಸುತ್ತದೆ. ನನಗೂ ಅನ್ನಿಸಿದೆ. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಗಿ ಇಲ್ಲದೆ ಬಿತ್ತನೆಯ ಕಾಳನ್ನು ಭಾರತಕ್ಕೆ ತರುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಹೊಟ್ಟಿನೊಳಗೆ ಕೂತು ಬರುವ ರೋಗ ಸಾಗರದ ಗದ್ದೆಗಳಿಗೆ ಇಳಿಯುವುದು ಅವರಿಗೂ ಬೇಡದ ಸಂಗತಿ. ತೆನೆಯನ್ನು ಗಿಡದಲ್ಲೇ ಬಿಟ್ಟು ಅಂಗೈಯನ್ನು ಅದರ ಕೆಳಗೆ ಹಿಡಿದು ಒಂದು ಫೋಟೊ ತೆಗೆಯಿರಿ, ಕಾಳಿನ ಉದ್ದ, ಮೀಸೆ, ತೆನೆಯ ಬಾಗು ಎಲ್ಲ ಕಾಣುವ ಹಾಗೆ. ಸಾಗರದ ಮನೆಯ ಜಗಲಿಯಲ್ಲಿ ಅಕ್ಕಪಕ್ಕದವರು ನೋಡಲು ಕೇಳುವುದು ಆ ಫೋಟೊವನ್ನೇ.